ಪದವಿ ವ್ಯಾಸಂಗವನ್ನು ಬೇಗ ಮುಗಿಸಬೇಕೆ?

ಕಳೆದ ದೀಪಾವಳಿಯ ಹೊತ್ತಿಗೆ ಸ್ನೇಹಿತರೊಬ್ಬರ ಮಗಳು ನಮ್ಮ ಮನೆಗೆ ಬಂದಿದ್ದಳು. ಡೊಂಬಿವಲಿಯಿಂದ ದಿನವೂ ಲೋಕಲ್ ರೈಲು ಹಿಡಿದು ಮುಂಬಯಿಗೆ ಬಂದು ಬಿ.ಕಾಂ. ಮೊದಲ ವರ್ಷದಲ್ಲಿ ಓದುತ್ತಿರುವ ಹುಡುಗಿ. ತಂದೆಯ ನಿವೃತ್ತಿ ಸಮೀಪಿಸಿದೆ, ತಮ್ಮನಿನ್ನೂ ಶಾಲೆಯಲ್ಲಿದ್ದಾನೆ. "ಮಾಮಾ, ಮೂರು ವರ್ಷದ ಓದನ್ನು ಎರಡೂವರೆ ವರ್ಷದಲ್ಲೇ ಮುಗಿಸಬಹುದಂತೆ. ಮುಗಿಸಿಬಿಡಲೇ?" ಎಂದು ಕೇಳಿದಳು. ಈ ಪ್ರಶ್ನೆ ನಮ್ಮವರ ಅನೇಕ ಮನೆಗಳಲ್ಲಿ ಏಳತಕ್ಕದ್ದೇ ಆದುದರಿಂದ ಅದನ್ನಿಲ್ಲಿ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇನೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2024ರ ನವೆಂಬರಿನಲ್ಲಿ ಇದಕ್ಕೆ ಅನುಮತಿಯಿತ್ತಿತು. ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರುಗಳಲ್ಲಿಯೂ ನಾಲ್ಕು ವರ್ಷದ್ದನ್ನು ಆರು ಅಥವಾ ಏಳರಲ್ಲಿಯೂ ಮುಗಿಸಬಹುದು. ಮೊದಲನೆಯ ಅಥವಾ ಎರಡನೆಯ ಸೆಮಿಸ್ಟರಿನ ಕೊನೆಯಲ್ಲಿಯೇ ಇದನ್ನು ಆರಿಸಿಕೊಳ್ಳಬೇಕು. ಕಾಲೇಜಿನ ಸಮಿತಿಯು ವಿದ್ಯಾರ್ಥಿಯ ಸಾಮರ್ಥ್ಯವನ್ನು ಪರೀಕ್ಷಿಸಿ ಒಪ್ಪಬೇಕು. ಪದವಿಯ ಬೆಲೆಯೇನೂ ಕಡಿಮೆಯಾಗದು. ಆದರೆ ಪಾಠವೂ ಕಡಿಮೆಯಾಗದು!

ಲೆಕ್ಕವನ್ನು ನೋಡೋಣ. ಮೂರು ವರ್ಷದ ಪದವಿಗೆ 120 ಕ್ರೆಡಿಟ್‌ಗಳು. ಅಂದರೆ ಸೆಮಿಸ್ಟರಿಗೆ 20. ಮೊದಲ ಸೆಮಿಸ್ಟರಿನ ನಂತರ ಅವಸರದ ದಾರಿ ಹಿಡಿದರೆ ಉಳಿದ 100ನ್ನು ನಾಲ್ಕೇ ಸೆಮಿಸ್ಟರುಗಳಲ್ಲಿ, ಅಂದರೆ 25ರಂತೆ ಗಳಿಸಬೇಕು. ಎರಡನೆಯದರ ನಂತರವಾದರೆ ಸುಮಾರು 27. ಒಂದು ಕ್ರೆಡಿಟ್ಟೆಂದರೆ ಹದಿನೈದು ಗಂಟೆಗಳ ಉಪನ್ಯಾಸ. ಐದು ಕ್ರೆಡಿಟ್ ಹೆಚ್ಚಾದರೆ ವಾರಕ್ಕೆ ಐದು ಗಂಟೆ ತರಗತಿ. ಮನೆಯ ಓದು ಬೇರೆ.

ಈ ಗಂಟೆಗಳು ಎಲ್ಲಿಂದ ಬರಬೇಕು? ರೈಲಿನ ಪ್ರಯಾಣ ಕಡಿಮೆಯಾಗದು. ಹಾಗಾಗಿ ಅವು ನಿದ್ರೆಯಿಂದಲೇ ಬರುತ್ತವೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಗಲು ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಓದಿದ ದಿನಗಳಲ್ಲಿ ನಾಲ್ಕು ಗಂಟೆಯ ನಿದ್ರೆಯೇ ನನಗೆ ಸಾಕೆಂದು ಬೀಗುತ್ತಿದ್ದೆ. ರೈಲಿನಲ್ಲಿ ನಿಂತಲ್ಲೇ ತೂಕಡಿಸಿ ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋದದ್ದೆಷ್ಟೋ ಸಲ. ಓದಿದ್ದು ಪರೀಕ್ಷೆಯಲ್ಲಿ ನೆನಪಿಗೆ ಬರುತ್ತಿರಲಿಲ್ಲ. ಓದಿದ್ದನ್ನು ಮೆದುಳು ಭದ್ರಪಡಿಸಿಕೊಳ್ಳುವುದು ಬಹುಮಟ್ಟಿಗೆ ನಿದ್ರೆಯಲ್ಲಿಯೇ ಎಂಬುದು ಆಗ ನನಗೆ ತಿಳಿದಿರಲಿಲ್ಲ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ರೆ ಬೇಕೆಂಬುದು ವೈದ್ಯರ ಮತ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಜೂನ್-ಜುಲೈನಲ್ಲಿ ಕಾಲೇಜು ಸೇರಿದವರ ಐದನೆಯ ಸೆಮಿಸ್ಟರು ಮುಗಿಯುವುದು ವರ್ಷದ ಕೊನೆಗೆ. ಸ್ನಾತಕೋತ್ತರ ತರಗತಿಗಳಾದರೋ ಸಾಮಾನ್ಯವಾಗಿ ಮರುವರ್ಷದ ನಡುವಿನಲ್ಲಿ ಆರಂಭವಾಗುತ್ತವೆ. ಎಂ.ಕಾಂ. ಓದಬೇಕೆನ್ನುವವಳು ಉಳಿಸಿದ ಆರು ತಿಂಗಳನ್ನು ಕಾಯುವುದರಲ್ಲಿಯೇ ಕಳೆಯಬೇಕಾದೀತು. ಕೇಂದ್ರದ ಸಿವಿಲ್ ಸರ್ವೀಸಸ್ ಪರೀಕ್ಷೆಗೆ 21 ವರ್ಷ ತುಂಬಿರಬೇಕು. ಅಲ್ಲಿ ಅವಸರವೇ ನಡೆಯದು. ಕೈಯಲ್ಲಿ ನಿಶ್ಚಿತವಾದ ನೌಕರಿಯಿದ್ದು, ಪದವಿಯೊಂದಕ್ಕಾಗಿ ಅದು ಕಾದಿದ್ದರೆ ಮಾತು ಬೇರೆ. ಅಂಥವರು ಧೈರ್ಯವಾಗಿ ಮುಂದುವರಿಯಬಹುದು. ಶುಲ್ಕದಲ್ಲಿ ಉಳಿತಾಯವಿದೆಯೇ ಎಂಬುದನ್ನು ಮಾತ್ರ ಕಾಲೇಜಿನ ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳತಕ್ಕದ್ದು.

ನಾಲ್ಕು ವರ್ಷದ ವ್ಯಾಸಂಗಕ್ಕೆ ಸೇರಿ ಮೂರಕ್ಕೇ ಪದವಿ ಪಡೆದು ಹೊರಬರುವುದು ಬೇರೆಯೇ ವಿಷಯ. ಹಾಗೆ ಬಂದವರಿಗೆ ಸ್ನಾತಕೋತ್ತರ ಪದವಿಗೆ ಎರಡು ವರ್ಷ, ನಾಲ್ಕು ಮುಗಿಸಿದವರಿಗೆ ಒಂದು, ಒಟ್ಟು ಐದೇ. ಕರ್ನಾಟಕವು 2024-25ರಿಂದ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಮಕ್ಕಳನ್ನು ಊರಿನಲ್ಲಿ ಓದಿಸುವವರು ಇದನ್ನು ಗಮನಿಸಬೇಕು.

ನಿಧಾನವಾಗಿ ಓದುವವರಿಗೂ ಅದೇ ಆಯೋಗ ದಾರಿ ತೆರೆದಿದೆ: ಎರಡು ಸೆಮಿಸ್ಟರುಗಳವರೆಗೆ ಹೆಚ್ಚು ಕಾಲ ತೆಗೆದುಕೊಳ್ಳಬಹುದು. ನಮ್ಮಲ್ಲಿ ಅದರ ಮಾತನ್ನು ಯಾರೂ ಎತ್ತುವುದಿಲ್ಲ.

ಇಷ್ಟನ್ನೂ ಹೇಳಿ, "ನಿನಗಾಗಿ ಕಾದಿರುವ ಕೆಲಸ ಇದೆಯೇ ಮಗಳೇ?" ಎಂದು ಕೇಳಿದೆ. ಇಲ್ಲವೆಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಡಿಗ್ರಿಗೆ ಎಷ್ಟು ವರ್ಷ ಹಿಡಿಯಿತು ಮಾಮಾ?" ಎಂದಳು.

"ಆರು," ಎಂದೆ.