ಜಾಲತಾಣದ ಪ್ರಮಾಣಪತ್ರವನ್ನು ಪರೀಕ್ಷಿಸುವ ಬಗೆ

ಪರೀಕ್ಷೆಯ ಶುಲ್ಕವನ್ನು ಕಟ್ಟಲು ವಿದ್ಯಾರ್ಥಿಯೊಬ್ಬನು ವಿಶ್ವವಿದ್ಯಾಲಯದ ಜಾಲತಾಣವನ್ನು ತೆರೆಯುತ್ತಾನೆ. ತನ್ನ ಹೆಸರು, ಗುಪ್ತಪದ, ಬ್ಯಾಂಕಿನ ವಿವರ ಇವುಗಳನ್ನು ಒಂದೊಂದಾಗಿ ತುಂಬುತ್ತಾನೆ. ಅವನು ಬರೆದುದು ಹಲವಾರು ಯಂತ್ರಗಳನ್ನು ಹಾದು, ಎಲ್ಲಿಯೋ ಇರುವ ಮತ್ತೊಂದು ಯಂತ್ರವನ್ನು ಸೇರಬೇಕು. ದಾರಿಯಲ್ಲಿ ಯಾರೂ ಓದದಂತೆ ಅದನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುವ ಏರ್ಪಾಡು ಉಂಟೆಂಬುದು ಬಹುಮಂದಿಗೆ ತಿಳಿದಿದೆ. ಆದರೆ ಗೂಢಲಿಪಿ ಎಷ್ಟೇ ಭದ್ರವಾಗಿರಲಿ, ಅದನ್ನು ಬಿಡಿಸಿ ಓದುವ ಯಂತ್ರವೇ ಮೋಸಗಾರನದಾಗಿದ್ದರೆ ಏನು ಗತಿ? ಬೀಗ ಹಾಕಿದ ಪೆಟ್ಟಿಗೆಯನ್ನೂ ಅದರ ಕೀಲಿಕೈಯನ್ನೂ ಕಳ್ಳನಿಗೇ ಒಪ್ಪಿಸಿದಂತಾಗುವುದಲ್ಲವೆ? ಆದುದರಿಂದ ‘ನೀನು ಯಾರು?’ ಎಂಬ ಪ್ರಶ್ನೆಗೆ ನಂಬತಕ್ಕ ಉತ್ತರ ಮೊದಲು ದೊರೆಯಬೇಕು. ಆ ಉತ್ತರವನ್ನು ಹೊತ್ತು ತರುವುದೇ ಪ್ರಮಾಣಪತ್ರ.

ಶಾಲೆಯನ್ನು ಬಿಟ್ಟು ದೂರದ ಊರಿನ ಶಾಲೆಗೆ ಸೇರುವ ಹುಡುಗನು ವರ್ಗಾವಣೆ ಪತ್ರವನ್ನು ಒಯ್ಯುವುದನ್ನು ವಾಚಕರು ಬಲ್ಲರು. ಹೊಸ ಶಾಲೆಯವರು ಹುಡುಗನನ್ನೂ ಅರಿಯರು, ಅವನ ಹಳೆಯ ಮುಖ್ಯೋಪಾಧ್ಯಾಯರನ್ನೂ ಅರಿಯರು. ಆದರೆ ಮುಖ್ಯೋಪಾಧ್ಯಾಯರ ರುಜುವಿನ ಕೆಳಗೆ ತಮಗೆ ಗೊತ್ತಿರುವ ಅಧಿಕಾರಿಯ ಮೇಲುರುಜು ಇದ್ದರೆ ಪತ್ರವನ್ನು ಒಪ್ಪುವರು. ಜಾಲತಾಣದ ಪ್ರಮಾಣಪತ್ರದಲ್ಲಿಯೂ ಇದೇ ಕ್ರಮವುಂಟು. ಅದರಲ್ಲಿ ತಾಣದ ಹೆಸರು, ಅದರ ಬಹಿರಂಗ ಕೀಲಿ, ಪತ್ರವು ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುವುದೆಂಬ ಒಕ್ಕಣೆ, ಪತ್ರ ಕೊಟ್ಟ ಪ್ರಮಾಣೀಕರಣ ಸಂಸ್ಥೆಯ ಹೆಸರು ಮತ್ತು ಅದರ ರುಜು ಇರುತ್ತವೆ. ಈ ನಮೂನೆಗೆ ಎಕ್ಸ್-509 ಎಂದು ಹೆಸರು. ಇದು ಮೊದಲು ಪ್ರಕಟವಾದುದು 1988ರಲ್ಲಿ.

ಇಲ್ಲಿ ರುಜುವೆಂದರೆ ಶಾಯಿಯ ಗೀಟಲ್ಲ, ಗಣಿತ. ಪತ್ರದ ಒಕ್ಕಣೆಯನ್ನೆಲ್ಲ ಒಂದು ಸೂತ್ರದಿಂದ ಅರೆದು 256 ಬಿಟ್ಟುಗಳ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಒಕ್ಕಣೆಯಲ್ಲಿ ಒಂದು ಅಕ್ಷರ ಬದಲಾದರೂ ಈ ಸಂಖ್ಯೆ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಸಂಸ್ಥೆಯು ತನ್ನಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಈ ಸಂಖ್ಯೆಗೆ ರುಜು ಹಾಕುತ್ತದೆ. ಆ ರುಜುವನ್ನು ಸಂಸ್ಥೆಯ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತಾಳೆ ನೋಡಬಹುದು, ಆದರೆ ಹೊಸದಾಗಿ ಸೃಷ್ಟಿಸಲಾರರು. ಆ ಸಂಸ್ಥೆಗೆ ಮತ್ತೊಂದು ಸಂಸ್ಥೆಯ ಮೇಲುರುಜು ಇರುವುದು ವಾಡಿಕೆ. ಹೀಗೆ ಮೇಲೇರುತ್ತ ಹೋದರೆ ಕೊನೆಗೆ ಒಂದು ಮೂಲ ಪ್ರಮಾಣಪತ್ರಕ್ಕೆ ಬಂದು ನಿಲ್ಲುತ್ತೇವೆ. ಅದಕ್ಕೆ ರುಜು ಹಾಕುವವರು ಬೇರೆ ಯಾರೂ ಇಲ್ಲ. ಇಂತಹ ನೂರಕ್ಕೂ ಮೇಲ್ಪಟ್ಟ ಮೂಲಪತ್ರಗಳು ನಮ್ಮ ಗಣಕದಲ್ಲಿಯೋ ಬ್ರೌಸರಿನಲ್ಲಿಯೋ ಮೊದಲೇ ಅಡಕವಾಗಿರುತ್ತವೆ. ಇವರನ್ನು ನಂಬಬಹುದೆಂದು ನಮ್ಮ ಪರವಾಗಿ ತಂತ್ರಾಂಶ ತಯಾರಕರು ತೀರ್ಮಾನಿಸಿರುತ್ತಾರೆ. ನಮ್ಮನ್ನು ಯಾರೂ ಕೇಳಿಲ್ಲ!

ಪ್ರಮಾಣಪತ್ರ ಗುಟ್ಟಿನ ವಸ್ತುವಲ್ಲ. ಅದನ್ನು ಯಾರಾದರೂ ನಕಲು ಮಾಡಿ ಇಟ್ಟುಕೊಳ್ಳಬಹುದು. ಹಾಗಾದರೆ ನಕಲನ್ನು ತೋರಿಸಿಯೇ ಮೋಸ ಮಾಡಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಆಗದು. ಸಂಪರ್ಕ ಏರ್ಪಡುವ ಪ್ರತಿ ಸಲವೂ ತಾಣದ ಯಂತ್ರವು ತನ್ನ ಗುಪ್ತ ಕೀಲಿಯಿಂದ ಹೊಸದೊಂದು ರುಜುವನ್ನು ಹಾಕಿ ತೋರಿಸಬೇಕಾಗುತ್ತದೆ. ನಕಲುಗಾರನ ಬಳಿ ಪತ್ರವಿದ್ದೀತು, ಕೀಲಿ ಇರದು.

ಇಷ್ಟು ಚೆಂದದ ವ್ಯವಸ್ಥೆ ಮುರಿಯುವುದು ಮೇಲಿನಿಂದ. ನೆದರ್ಲೆಂಡ್ಸ್ ದೇಶದಲ್ಲಿ ಡಿಜಿನೋಟರ್ ಎಂಬ ಪ್ರಮಾಣೀಕರಣ ಸಂಸ್ಥೆ ಇದ್ದಿತು. ಆ ದೇಶದ ಸರ್ಕಾರವೂ ಅದರ ಪತ್ರಗಳನ್ನು ಬಳಸುತ್ತಿದ್ದಿತು. 2011ರಲ್ಲಿ ಯಾರೋ ಅದರ ಯಂತ್ರಗಳೊಳಗೆ ನುಸುಳಿ, ಐನೂರಕ್ಕೂ ಹೆಚ್ಚು ಸುಳ್ಳು ಪತ್ರಗಳಿಗೆ ನಿಜವಾದ ರುಜುವನ್ನು ಹಾಕಿಸಿಕೊಂಡರು. ಜುಲೈ 10ರಂದು ಹುಟ್ಟಿದ ಅಂತಹ ಒಂದು ಪತ್ರವು ಗೂಗಲ್ ಸಂಸ್ಥೆಯ ಎಲ್ಲ ತಾಣಗಳ ಹೆಸರಿನಲ್ಲಿ ಸಲ್ಲುವಂತಹುದಾಗಿದ್ದಿತು. ಅದನ್ನು ಹಿಡಿದು ಇರಾನಿನ ಜನರ ಅಂಚೆಯನ್ನು ನಡುದಾರಿಯಲ್ಲಿ ತೆರೆಯಲಾಯಿತು. ಆ ಪತ್ರವನ್ನು ಎದುರಿಸಿದ ವಿಳಾಸಗಳು ಸುಮಾರು 3 ಲಕ್ಷ. ಅವುಗಳಲ್ಲಿ ಬಹುತೇಕ ಎಲ್ಲವೂ ಇರಾನಿನವು. ಸಂಸ್ಥೆಗೆ ಜುಲೈ ತಿಂಗಳಿನಲ್ಲಿಯೇ ಕಳ್ಳತನದ ಸುಳಿವು ಹತ್ತಿದ್ದಿತು, ಆದರೆ ಹೊರಗೆ ಬಾಯಿ ಬಿಡಲಿಲ್ಲ. ಇದು ನನ್ನ ಮಟ್ಟಿಗೆ ಕಳ್ಳತನಕ್ಕಿಂತ ದೊಡ್ಡ ಅಪರಾಧ. ಗುಟ್ಟು ರಟ್ಟಾದುದು ಆಗಸ್ಟಿನ ಕೊನೆಯಲ್ಲಿ, ಇರಾನಿನ ಬಳಕೆದಾರರೊಬ್ಬರಿಗೆ ಕ್ರೋಮ್ ಬ್ರೌಸರು ಎಚ್ಚರಿಕೆ ಕೊಟ್ಟಾಗ. ಗೂಗಲ್ ತಾಣಗಳ ಪತ್ರಕ್ಕೆ ಯಾರ ಯಾರ ರುಜು ಇರಬಹುದೆಂಬ ಪಟ್ಟಿ ಆ ಬ್ರೌಸರಿನಲ್ಲಿ ಮೊದಲೇ ಇದ್ದಿತು. ಅನಂತರ ಎಲ್ಲ ಬ್ರೌಸರುಗಳೂ ಡಿಜಿನೋಟರ್ ಹೆಸರನ್ನು ಹೊಡೆದುಹಾಕಿದವು. ಸೆಪ್ಟೆಂಬರ್ 20ರಂದು ಸಂಸ್ಥೆ ದಿವಾಳಿ ಎಂದು ಘೋಷಿತವಾಯಿತು.

ನಮ್ಮ ದೇಶಕ್ಕೂ ಇದರ ಬಿಸಿ ತಟ್ಟಿದೆ. 2014ರ ಜುಲೈ 2ರಂದು, ಭಾರತದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ರುಜುವುಳ್ಳ ಅನಧಿಕೃತ ಪತ್ರಗಳು ಗೂಗಲ್ ತಾಣಗಳ ಹೆಸರಿನಲ್ಲಿ ಇರುವುದು ಪತ್ತೆಯಾಯಿತು. ಮಾರನೆಯ ದಿನವೇ ಪ್ರಮಾಣೀಕರಣ ನಿಯಂತ್ರಕರ ಕಛೇರಿಯು ಆ ಕೇಂದ್ರದ ಅಧಿಕಾರಪತ್ರಗಳನ್ನು ರದ್ದು ಮಾಡಿತು. ಭಾರತದ ಮೂಲಪತ್ರ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಇದ್ದುದರಿಂದ ವಿಂಡೋಸ್ ಯಂತ್ರಗಳ ಹಲವು ತಂತ್ರಾಂಶಗಳು ಈ ಪತ್ರಗಳನ್ನು ನಂಬುತ್ತಿದ್ದವು. ತನ್ನದೇ ಪಟ್ಟಿಯನ್ನು ಇಟ್ಟುಕೊಂಡಿದ್ದ ಫೈರ್‌ಫಾಕ್ಸ್ ನಂಬುತ್ತಿರಲಿಲ್ಲ. ಒಂದೇ ಪತ್ರ ಒಬ್ಬರಿಗೆ ಸಾಚಾ, ಇನ್ನೊಬ್ಬರಿಗೆ ಖೋಟಾ!

ಇದಕ್ಕೆ ಕಂಡುಕೊಂಡ ಪರಿಹಾರ ಬಹಿರಂಗ ದಾಖಲೆ. ಕೊಟ್ಟ ಪ್ರತಿಯೊಂದು ಪತ್ರವನ್ನೂ, ಅಳಿಸಲು ಬಾರದ ಸಾರ್ವಜನಿಕ ಖಾತೆಯಲ್ಲಿ ನಮೂದಿಸಬೇಕೆಂಬ ಯೋಜನೆ 2013ರಲ್ಲಿ ಪ್ರಕಟವಾಯಿತು. 2018ರ ಏಪ್ರಿಲ್ 30ರ ಅನಂತರ ಕೊಟ್ಟ ಪತ್ರಗಳು ಖಾತೆಯಲ್ಲಿ ಇಲ್ಲದಿದ್ದರೆ ಕ್ರೋಮ್ ಒಪ್ಪದು. ಸಿ.ಆರ್.ಟಿ. ಡಾಟ್ ಎಸ್.ಎಚ್. ಎಂಬ ತಾಣದಲ್ಲಿ ಹೆಸರು ಕೊಟ್ಟು ಹುಡುಕಿದರೆ, ಆ ಹೆಸರಿನಲ್ಲಿ ಹುಟ್ಟಿದ ಪತ್ರಗಳೆಲ್ಲ ಸಾಲಾಗಿ ಕಾಣುತ್ತವೆ. ತಾಣದ ಒಡೆಯನು ತಾನು ಕೇಳದ ಪತ್ರವೇನಾದರೂ ಅಲ್ಲಿದೆಯೇ ಎಂದು ಆಗಾಗ ನೋಡಬಹುದು.

ಪತ್ರವನ್ನು ಕಣ್ಣಾರೆ ನೋಡುವ ಸುಲಭ ಉಪಾಯ ಬ್ರೌಸರೇ. ವಿಳಾಸದ ಪಕ್ಕದ ಚಿಹ್ನೆಯನ್ನು ಒತ್ತಿ ಒಳಹೊಕ್ಕರೆ ಪ್ರಮಾಣಪತ್ರ ತೆರೆಯುತ್ತದೆ. ಆ ಚಿಹ್ನೆ ಬಹುಕಾಲ ಬೀಗದ ಚಿತ್ರವಾಗಿದ್ದಿತು. 2023ರಲ್ಲಿ ಕ್ರೋಮ್ ಅದನ್ನು ತೆಗೆದುಹಾಕಿತು. ಬೀಗವಿದ್ದ ತಾಣವೆಲ್ಲ ಪ್ರಾಮಾಣಿಕವೆಂದು ಜನ ಭಾವಿಸುತ್ತಿದ್ದುದೇ ಕಾರಣ. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ತಿರುಚಿ ತಾಣವನ್ನು ತೆರೆದ ಠಕ್ಕನಿಗೂ ಆ ತಿರುಚಿದ ಹೆಸರಿಗೆ ಸರಿಯಾದ ಪತ್ರವೇ ದೊರೆಯುತ್ತದೆ. ಪತ್ರವು ಹೆಸರನ್ನು ದೃಢಪಡಿಸುತ್ತದೆ, ನಡತೆಯನ್ನಲ್ಲ.

ಇನ್ನೂ ಆಳಕ್ಕೆ ಇಳಿಯಬಯಸುವವರಿಗೆ 1998ರಿಂದ ಬೆಳೆದು ಬಂದ ಓಪನ್ ಎಸ್.ಎಸ್.ಎಲ್. ಎಂಬ ಉಚಿತ ತಂತ್ರಾಂಶವಿದೆ. ಇದರ ಒಂದು ಅಂಗವು ದೂರದ ಯಂತ್ರದ 443ನೆಯ ದ್ವಾರವನ್ನು ತಟ್ಟಿ ಪತ್ರಗಳ ಸರಪಣಿಯನ್ನು ತರಿಸುತ್ತದೆ. ಮತ್ತೊಂದು ಅಂಗವು ಅದನ್ನು ಬಿಡಿಸಿ ಹೆಸರು, ತಾರೀಖು, ಬೆರಳಚ್ಚು ಇವುಗಳನ್ನು ಅಚ್ಚುಕಟ್ಟಾಗಿ ಬರೆದುಕೊಡುತ್ತದೆ. ನೋಡಲು ಒರಟು, ಕಲಿಯಲು ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಪತ್ರವೊಂದೇ ಅಲ್ಲದೆ ತಾಣದ ಇಡೀ ಭದ್ರತೆಯ ಏರ್ಪಾಡಿಗೆ ದರ್ಜೆ ಕೊಡುವ ಎಸ್.ಎಸ್.ಎಲ್. ಲ್ಯಾಬ್ಸ್ ಎಂಬ ಪರೀಕ್ಷಕನೂ ಉಂಟು.

ಪತ್ರಗಳ ನಿರ್ವಹಣೆಯಲ್ಲಿ ಎಲ್ಲರನ್ನೂ ಕಾಡುವುದು ಮುಗಿದುಹೋಗುವ ತಾರೀಖು. 2018ರ ಡಿಸೆಂಬರ್ 6ರಂದು ಎರಿಕ್ಸನ್ ಸಂಸ್ಥೆಯ ದೂರವಾಣಿ ತಂತ್ರಾಂಶದೊಳಗಿನ ಒಂದು ಪ್ರಮಾಣಪತ್ರದ ಅವಧಿ ಮುಗಿಯಿತು. ಅದು ಜಾಲತಾಣದ ಪತ್ರವಲ್ಲದಿದ್ದರೂ ಜಾತಿ ಒಂದೇ. ಬ್ರಿಟನ್ನಿನ ಓ-ಟೂ ಕಂಪನಿಯ ಸುಮಾರು 3 ಕೋಟಿ 20 ಲಕ್ಷ ಗ್ರಾಹಕರ ಅಂತರಜಾಲ ಸಂಪರ್ಕ ಕುಸಿಯಿತು. ಜಪಾನಿನಲ್ಲಿಯೂ ಇದೇ ಗೋಳು. ಹಾಗಿದ್ದರೂ ಅವಧಿಯನ್ನು ಇನ್ನೂ ಮೊಟಕು ಮಾಡುತ್ತಿದ್ದಾರೆ. ಕೀಲಿ ಕಳುವಾದರೆ ಹಾನಿ ಬೇಗ ನಿಲ್ಲಲಿ ಎಂಬುದು ವಾದ. 2025ರಲ್ಲಿ ಆದ ನಿರ್ಣಯದಂತೆ, 2029ರ ಮಾರ್ಚ್ 15ರಿಂದ ಕೊಡುವ ಪತ್ರಗಳು ಹೆಚ್ಚೆಂದರೆ 47 ದಿನ ಸಲ್ಲುತ್ತವೆ. ಇಷ್ಟು ಸಲ ಕೈಯಿಂದ ನವೀಕರಿಸುವುದು ಯಾರಿಂದಾದೀತು? ಅದಕ್ಕಾಗಿಯೇ ಸರ್ಟ್‌ಬಾಟ್‌ನಂತಹ ತಂತ್ರಾಂಶಗಳು. ಇವು 2015ರಲ್ಲಿ ಸಾರ್ವಜನಿಕರಿಗೆ ತೆರೆದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸಂಸ್ಥೆಯೊಡನೆ ತಾವೇ ವ್ಯವಹರಿಸಿ, ಗಡುವಿಗೆ ಮೊದಲೇ ಹೊಸ ಪತ್ರವನ್ನು ತಂದು ಹಚ್ಚುತ್ತವೆ.

ಕೊನೆಯದಾಗಿ ಒಂದು ಅಭ್ಯಾಸ. ಒಂದೇ ತಾಣದ ಪತ್ರವನ್ನು ಮನೆಯಲ್ಲಿಯೂ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ತೆರೆದು, ಕೊಟ್ಟವರ ಹೆಸರನ್ನು ಬರೆದುಕೊಳ್ಳಿರಿ. ಬೆರಳಚ್ಚು ಬೇರೆಯಾಗಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ದೊಡ್ಡ ತಾಣಗಳು ಹಲವು ಪತ್ರಗಳನ್ನು ಇಟ್ಟುಕೊಂಡಿರುತ್ತವೆ. ಆದರೆ ಪ್ರಯೋಗಶಾಲೆಯಲ್ಲಿ ಎಲ್ಲ ತಾಣಗಳಿಗೂ ಒಬ್ಬರದೇ ರುಜು ಕಂಡು, ಆ ಹೆಸರು ಯಾವುದೋ ಕಾವಲು ತಂತ್ರಾಂಶದ್ದಾಗಿದ್ದರೆ, ನಿಮ್ಮ ಸಂಪರ್ಕವನ್ನು ನಡುವೆ ಬಿಚ್ಚಿ ಓದಲಾಗುತ್ತಿದೆ ಎಂದು ಅರ್ಥ. ಪ್ರತಿ ತಾಣವೂ ‘ಅವಧಿ ಸಲ್ಲದು’ ಎಂದು ದೂರಿದರೆ ಮೊದಲು ಆ ಗಣಕದ ಗಡಿಯಾರವನ್ನು ನೋಡಿರಿ. ಒಳಗಿನ ಪುಟ್ಟ ಬ್ಯಾಟರಿ ಸತ್ತು, ಯಂತ್ರವು ಹತ್ತಿಪ್ಪತ್ತು ವರ್ಷ ಹಿಂದೆ ನಿಂತಿರಬಹುದು.