ದೇವರ ಮನೆಯ ಬಾಗಿಲನ್ನು ದೊಡ್ಡದು ಮಾಡಬಹುದೇ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟ್. ಅತ್ತೆಯವರಿಗೆ 78 ವರ್ಷ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಗಾಲಿಕುರ್ಚಿಯಲ್ಲೇ ಓಡಾಟ. ದೇವರ ಮನೆಯ ಬಾಗಿಲು 28 ಇಂಚು, ಕುರ್ಚಿ 26 ಇಂಚು. ಬಾಗಿಲ ಕದ, ಹೊಸ್ತಿಲು ಎರಡೂ ಅಡ್ಡ ಬರುವುದರಿಂದ ಕುರ್ಚಿ ಒಳಗೆ ಹೋಗುವುದಿಲ್ಲ. ಐವತ್ತು ವರ್ಷ ತಾವೇ ದೀಪ ಹಚ್ಚಿದವರು ಈಗ ಹೊರಗೆ ಕೂತು ನೋಡುತ್ತಾರೆ. "ನಾನು ದೇವರಿಗೆ ಹೊರಗಿನವಳಾದೆ" ಎಂದು ಒಮ್ಮೆ ಅಂದರು. ಬಾಗಿಲು ಅಗಲ ಮಾಡಿಸೋಣ ಎಂದರೆ ಗೋಡೆಗಳೆಲ್ಲ ಕಾಂಕ್ರೀಟು. ಕಂಟ್ರಾಕ್ಟರು "ಮಿಷಿನ್ನಲ್ಲಿ ಒಂದೇ ದಿನದಲ್ಲಿ ಕತ್ತರಿಸಿ ಕೊಡ್ತೀನಿ" ಅನ್ನುತ್ತಾರೆ. ಭಾವನವರು "ದೇವರ ಮನೆ ಒಡೆಯಬಾರದು, ಒಡೆದರೆ ಮತ್ತೆ ಗೃಹಪ್ರವೇಶ ಮಾಡಬೇಕು" ಅನ್ನುತ್ತಾರೆ. ಯಾವುದು ಸರಿ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯೀ, ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ದೇವರ ಮನೆಯ ಬಾಗಿಲು ಬದಲಿಸಬಹುದೇ? ಈ ಗೋಡೆಯನ್ನು ಕತ್ತರಿಸಬಹುದೇ? ಬದಲಿಸಿದರೆ ವಿಧಿ ಏನು? ಒಂದೊಂದಾಗಿ ನೋಡೋಣ.

ಮೊದಲನೆಯದಕ್ಕೆ ಉತ್ತರ ಸುಲಭ. ಬದಲಿಸಬಹುದು. ಜೀರ್ಣೋದ್ಧಾರ ಎಂಬ ಪದವೇ ನಮ್ಮ ಶಾಸ್ತ್ರದಲ್ಲಿದೆ. ದೇವಸ್ಥಾನಗಳಲ್ಲೇ ಬಾಲಾಲಯ ಮಾಡಿ, ದೇವರನ್ನು ಅಲ್ಲಿಟ್ಟು ಪೂಜಿಸುತ್ತಾ ಗರ್ಭಗುಡಿಯನ್ನು ದುರಸ್ತಿ ಮಾಡುತ್ತಾರೆ. ಹಾಗಿರುವಾಗ ಮನೆಯೊಳಗಿನ ಒಂದು ಬಾಗಿಲನ್ನು, ಅದೂ ವೃದ್ಧರೊಬ್ಬರು ದೇವರ ಹತ್ತಿರ ಬರಲಿ ಎಂದು ಬದಲಿಸುವುದರಲ್ಲಿ ದೋಷ ಎಲ್ಲಿಂದ ಬರಬೇಕು? ಮತ್ತೆ ಗೃಹಪ್ರವೇಶ ಬೇಕಿಲ್ಲ. ಮನೆಯನ್ನೇ ಕೆಡವಿ ಕಟ್ಟಿದರೆ, ಅಥವಾ ಬಹುಭಾಗ ಬದಲಾದರೆ ವಾಸ್ತುಶಾಂತಿ ಮಾಡಿಸಬೇಕು. ಒಂದು ಬಾಗಿಲಿಗೆ ಪುಣ್ಯಾಹವಾಚನ, ದ್ವಾರಪೂಜೆ ಸಾಕು. ಭಾವನವರ ಮಾತಿನ ಹಿಂದೆ ಭಕ್ತಿ ಇದೆ, ಅದನ್ನು ಗೌರವಿಸಿ, ಆದರೆ ಹೆದರಬೇಡಿ.

ಎರಡನೆಯ ಪ್ರಶ್ನೆಯೇ ನಿಜವಾಗಿ ಗಂಭೀರವಾದದ್ದು. ಅದನ್ನು ಜೋಯಿಸರ ಹತ್ತಿರ ಕೇಳಿ ತೀರ್ಮಾನ ಮಾಡಬಾರದು. ಈಗಿನ ಎತ್ತರದ ಕಟ್ಟಡಗಳಲ್ಲಿ ಎರಡು ಬಗೆ. ಒಂದರಲ್ಲಿ ಕಂಬ, ತೊಲೆಗಳು ಭಾರ ಹೊರುತ್ತವೆ, ನಡುವೆ ಸಿಮೆಂಟ್ ಬ್ಲಾಕಿನ ಗೋಡೆ ತುಂಬಿರುತ್ತಾರೆ. ಇನ್ನೊಂದರಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ತಾರಸಿ ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಮೈವಾನ್ ಅಂತ ಕರೆಯುತ್ತಾರೆ. ಇಲ್ಲಿ ಬೇರೆ ಕಂಬ ಇರುವುದಿಲ್ಲ, ಗೋಡೆಯೇ ಕಂಬ. ಎಲ್ಲ ಗೋಡೆಯೂ ಕಾಂಕ್ರೀಟು ಎಂದು ನೀವು ಬರೆದಿರುವುದರಿಂದ ನಿಮ್ಮದು ಈ ಎರಡನೆಯ ಬಗೆ ಇರಬಹುದು. ಹಾಗಿದ್ದರೆ ನಿಮ್ಮ ದೇವರ ಮನೆಯ ಗೋಡೆ ಮೇಲಿನ ಮಹಡಿಗಳವರ ಭಾರವನ್ನೂ ಹೊತ್ತಿದೆ. ಅದರೊಳಗಿನ ಕಬ್ಬಿಣವನ್ನು ಕತ್ತರಿಸಿದರೆ ಭಾರ ಬೇರೆ ಕಡೆ ತಿರುಗುತ್ತದೆ, ಬಾಗಿಲ ಮೂಲೆಗಳಿಂದ ಬಿರುಕು ಏಳುತ್ತದೆ. ಅದು ನಿಮ್ಮ ಮನೆಗಷ್ಟೇ ನಿಲ್ಲುವ ವಿಷಯವಲ್ಲ.

ವಜ್ರದ ಹಲ್ಲಿನ ಗರಗಸ ಎಂಥ ಕಾಂಕ್ರೀಟನ್ನಾದರೂ ಕತ್ತರಿಸುತ್ತದೆ, ನಿಜ. ಕತ್ತರಿಸಲು ಆಗುತ್ತದೆ ಎನ್ನುವುದು ಬೇರೆ, ಕತ್ತರಿಸಬಹುದು ಎನ್ನುವುದು ಬೇರೆ. ಕಟ್ಟಡದ ಮೂಲ ನಕ್ಷೆ ನೋಡಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು, ಪರೀಕ್ಷಿಸಿ, ಬರಹದಲ್ಲಿ ಕೊಡಬೇಕು. ಅಸೋಸಿಯೇಷನ್ನಿನ ಒಪ್ಪಿಗೆಯೂ ಬೇಕು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಫ್ಲ್ಯಾಟಿನ ಮಾಲೀಕರು ಮಾಡಬಾರದು ಎಂದು ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯೇ ಹೇಳುತ್ತದೆ.

ಇದು ಶಾಸ್ತ್ರಕ್ಕೆ ಹೊರಗಿನ ಮಾತಲ್ಲ. ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯಲ್ಲಿ ವಾಸ್ತುಪುರುಷನ ಮರ್ಮಸ್ಥಾನಗಳನ್ನು ಪೀಡಿಸಬಾರದು ಎನ್ನುತ್ತಾರೆ. ಬಾಗಿಲು ಅಳತೆ ಮೀರಿದರೆ ರಾಜಭಯ, ತೀರಾ ತಗ್ಗಾದರೆ ಕಳ್ಳರ ಭಯ ಎಂದೂ ಹೇಳಿದ್ದಾರೆ. ಇವತ್ತಿನ ರಾಜಭಯ ಎಂದರೆ ನೋಟಿಸು ಅಂತಲೇ ಇಟ್ಟುಕೊಳ್ಳಿ! ನಮ್ಮ ಅನುಕೂಲಕ್ಕಾಗಿ ಹತ್ತು ಸಂಸಾರಗಳ ತಲೆಯ ಮೇಲಿನ ಸೂರನ್ನು ದುರ್ಬಲ ಮಾಡಿದರೆ, ಆ ದೋಷವನ್ನು ಯಾವ ಹೋಮವೂ ಕಳೆಯುವುದಿಲ್ಲ.

ಹಾಗಾದರೆ ಅತ್ತೆಯವರು ಹೊರಗೇ ಕೂರಬೇಕೇ? ಖಂಡಿತ ಬೇಡ. ಗೋಡೆ ಮುಟ್ಟದೆಯೂ ದಾರಿ ಇದೆ. ನಿಮ್ಮ 28 ಇಂಚು ಮರದ ಚೌಕಟ್ಟಿನ ಒಳಗಿನ ಅಳತೆ. ಚೌಕಟ್ಟಿನ ಮರ ಒಂದೊಂದು ಬದಿಗೆ ಎರಡೂವರೆ ಇಂಚು ಇದ್ದರೆ, ಅದರ ಹಿಂದಿನ ಕಾಂಕ್ರೀಟ್ ಕಂಡಿ ಸುಮಾರು 33 ಇಂಚು ಇರುತ್ತದೆ. ಬಡಗಿಯವರನ್ನು ಕರೆಸಿ ಅಳೆಸಿ. ದಪ್ಪ ಚೌಕಟ್ಟನ್ನು ಬಿಚ್ಚಿ ಅರ್ಧ ಇಂಚಿನ ತೇಗದ ಪಟ್ಟಿ ಹೊಡೆಸಿದರೆ 32 ಇಂಚು ದಾರಿ ಸಿಗುತ್ತದೆ. ತೆರೆದ ಕದವೂ ಜಾಗ ತಿನ್ನುವುದರಿಂದ ಕದ ತೆಗೆದು ಪರದೆ ಹಾಕಿ, ಅಥವಾ ಹೊರಬದಿಯಲ್ಲಿ ಜಾರುವ ಬಾಗಿಲು ಮಾಡಿಸಿ. 26 ಇಂಚಿನ ಕುರ್ಚಿ ಸಲೀಸಾಗಿ ಹೋಗುತ್ತದೆ. ಹಳೆಯ ಚೌಕಟ್ಟಿನಲ್ಲಿ ಗಜಲಕ್ಷ್ಮಿಯ ಕೆತ್ತನೆ ಇದ್ದರೆ ಎಸೆಯಬೇಡಿ, ಅದನ್ನು ದೇವರ ಮಂಟಪದ ಹಿಂದೆ ಪ್ರಭಾವಳಿಯಂತೆ ನಿಲ್ಲಿಸಬಹುದು.

ಹೊಸ್ತಿಲ ವಿಷಯ. ಹೊಸ್ತಿಲು ಇರಬೇಕು, ಅದು ಲಕ್ಷ್ಮೀಸ್ಥಾನ. ಆದರೆ ಎತ್ತರವಾಗಿಯೇ ಇರಬೇಕೆಂದಿಲ್ಲ. ನೆಲದ ಮಟ್ಟಕ್ಕೆ ಮರದ ಪಟ್ಟಿಯನ್ನು ಕೂರಿಸಿ ಅದಕ್ಕೇ ಅರಿಶಿನ ಕುಂಕುಮ ಇಡಿ. ಎತ್ತರದ ಹೊಸ್ತಿಲನ್ನೇ ಉಳಿಸಿಕೊಳ್ಳುವುದಾದರೆ, ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರು ಹಲಗೆ ಮಾಡಿಸಿ.

ಈ ದಾರಿಯೂ ಆಗದಿದ್ದರೆ ದೇವರನ್ನೇ ಹೊರಗೆ ಕರೆತನ್ನಿ. ಹಾಲಿನ ಈಶಾನ್ಯದಲ್ಲಿ, ಕೂತವರ ಕೈಗೆ ಎಟುಕುವಂತೆ ಮಂಟಪ ಇಡಿ. ಭಕ್ತರು ಬರಲಾರದಿದ್ದಾಗ ದೇವರು ಬೀದಿಗೇ ಬರುತ್ತಾನೆ, ಉತ್ಸವ ಎಂದರೆ ಅದೇ ಅಲ್ಲವೇ?

ಇನ್ನು ವಿಧಿ. ಕೆಲಸದ ಹಿಂದಿನ ದಿನ ಮಂಗಳಾರತಿ ಮಾಡಿ, "ಈ ಕಾರ್ಯ ಮುಗಿಯುವವರೆಗೆ ಇಲ್ಲಿ ನೆಲೆಸು" ಎಂದು ಪ್ರಾರ್ಥಿಸಿ ದೇವರನ್ನು ಹಾಲಿನಲ್ಲಿ ಶುದ್ಧವಾದ ಮಣೆಯ ಮೇಲಿಡಿ. ಧೂಳು ಬೀಳದಂತೆ ಮಡಿಬಟ್ಟೆ ಮುಚ್ಚಿ. ನಿತ್ಯದೀಪ, ನೈವೇದ್ಯ ಒಂದು ದಿನವೂ ತಪ್ಪಬಾರದು. ಕೆಲಸದ ದಿನ ಬೆಳಗ್ಗೆ ಗಣಪತಿ ಪೂಜೆ. ಅಲ್ಲಿ ಇರುವೆ, ಹಲ್ಲಿ ಮುಂತಾದ ಜೀವಿಗಳಿದ್ದರೆ ಅವು ಸುಖವಾಗಿ ಬೇರೆಡೆ ಹೋಗಲಿ ಎಂದು ಪ್ರಾರ್ಥನೆ. ಕೆಲಸಗಾರರ ಉಪಕರಣಕ್ಕೆ ಅರಿಶಿನ ಕುಂಕುಮ, ಅವರಿಗೆ ತಾಂಬೂಲ, ದಕ್ಷಿಣೆ ಕೊಡಿ.

ಬಿಚ್ಚುವುದಕ್ಕಿಂತ ಹೊಸದನ್ನು ನಿಲ್ಲಿಸುವುದಕ್ಕೆ ಮುಹೂರ್ತ ಮುಖ್ಯ. ರೋಹಿಣಿ, ಮೂರು ಉತ್ತರೆಗಳು, ಮೃಗಶಿರಾ, ಚಿತ್ತಾ, ಅನೂರಾಧಾ, ರೇವತಿ ಒಳ್ಳೆಯ ನಕ್ಷತ್ರಗಳು. ಚೌತಿ, ನವಮಿ, ಚತುರ್ದಶಿ, ಅಮಾವಾಸ್ಯೆ, ಮಂಗಳವಾರ, ರಾಹುಕಾಲ ಬಿಡಿ. ಆಷಾಢ, ಧನುರ್ಮಾಸ ಎಂದು ತಿಂಗಳುಗಟ್ಟಲೆ ಕಾಯಬೇಕಿಲ್ಲ. ಆ ಕಟ್ಟು ಹೊಸ ಮನೆಗೆ. ಇದು ಅನಾರೋಗ್ಯದವರಿಗಾಗಿ ಮಾಡುವ ದುರಸ್ತಿ, ಒಳ್ಳೆಯ ದಿನವೊಂದನ್ನು ನೋಡಿಕೊಂಡರೆ ಸಾಕು.

ಮುಗಿದ ಮೇಲೆ ಪುಣ್ಯಾಹವಾಚನ, ಪಂಚಗವ್ಯ ಪ್ರೋಕ್ಷಣೆ, ಮಾವಿನ ತೋರಣ, ಹೊಸ್ತಿಲ ಪೂಜೆ. ನಂತರ ದೇವರನ್ನು ಮಂಟಪಕ್ಕೆ ತಂದು ಮೊದಲ ದೀಪವನ್ನು ಅತ್ತೆಯವರ ಕೈಯಲ್ಲೇ ಹಚ್ಚಿಸಿ. ಗಾಲಿಕುರ್ಚಿ ಮಡಿಗೆ ಬರುತ್ತದೆಯೇ ಎಂದು ಯಾರಾದರೂ ಕೇಳಬಹುದು. ಗಾಲಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಸನದ ಮೇಲೆ ಒಗೆದ ವಸ್ತ್ರ ಹಾಸಿ. ಅವರಿಗೆ ಈಗ ಅದೇ ಆಸನ. ವೃದ್ಧರಿಗೆ, ರೋಗಿಗಳಿಗೆ ಆಚಾರದಲ್ಲಿ ಸಡಿಲಿಕೆ ಇದ್ದೇ ಇದೆ.

ಇದೇ ರೀತಿ ಮನೆಯ ಹೆಬ್ಬಾಗಿಲನ್ನು ದೊಡ್ಡದು ಮಾಡಬೇಕೆಂದು ಇನ್ನೂ ಕೆಲವರು ಕೇಳುವುದುಂಟು. ಅವರಿಗೆ ಒಂದು ಮಾತು. ಪದವಿನ್ಯಾಸದ ಲೆಕ್ಕ ಹೆಬ್ಬಾಗಿಲಿಗೆ ಅನ್ವಯಿಸುತ್ತದೆ. ಪೂರ್ವದ ಗೋಡೆ 27 ಅಡಿ ಇದ್ದರೆ ಒಂಬತ್ತು ಪದ, ಪದಕ್ಕೆ 3 ಅಡಿ. ಈಶಾನ್ಯದಿಂದ ಎಣಿಸಿದರೆ ಮೂರನೆಯದು ಜಯಂತ, ನಾಲ್ಕನೆಯದು ಇಂದ್ರ. ಇವೆರಡು ಶುಭ, ಅಂದರೆ 6ರಿಂದ 12 ಅಡಿಯೊಳಗೆ. ಬಾಗಿಲನ್ನು ಅಗಲಿಸುವಾಗ ಈ ಎಲ್ಲೆ ದಾಟದ ಬದಿಗೆ ಅಗಲಿಸಿ. ಒಳಗಿನ ಯಾವ ಬಾಗಿಲೂ ಹೆಬ್ಬಾಗಿಲನ್ನು ಮೀರಿಸಬಾರದು ಎಂಬ ನಿಯಮವೂ ಇದೆ. ಇಟ್ಟಿಗೆಯ ಹಳೆ ಮನೆಯಾದರೆ ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಹೊಸ ಲಿಂಟಲ್ ಕೂರಿಸಿ, ಅದು ಗಟ್ಟಿಯಾದ ಮೇಲೆಯೇ ಕೆಳಗಿನ ಗೋಡೆ ತೆಗೆಸಬೇಕು. ಅಲ್ಲಿಯೂ ಎಂಜಿನಿಯರ್ ಮೊದಲು, ಪಂಚಾಂಗ ಆಮೇಲೆ.

ತಾಯೀ, ಅತ್ತೆಯವರು ಹೊರಗಿನವರಲ್ಲ ಎಂದು ಅವರಿಗೆ ಇವತ್ತೇ ಹೇಳಿ. ಬಡಗಿ ಬರುವವರೆಗೆ ಸಂಜೆಯ ದೀಪದ ಬತ್ತಿಯನ್ನು ಅವರ ಕೈಯಲ್ಲೇ ಹೊಸೆಯಿಸಿ, ಹೂವನ್ನು ಅವರಿಂದಲೇ ಕಟ್ಟಿಸಿ, ಆ ದೀಪವನ್ನು ಅವರ ಕೈಯಲ್ಲೇ ಬೆಳಗಿಸಿ ಒಳಗೆ ಒಯ್ಯಿರಿ. ಅದೂ ಪೂಜೆಯೇ. ಶುಭಮಸ್ತು.