ಮಸ್ಕಿಯ ಬೆಟ್ಟದಲ್ಲಿ ಒಂದು ದಿನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ಭೂಭಾಗವನ್ನು ನಮ್ಮ ಪೂರ್ವಿಕರು ‘ಎಡೆದೊರೆನಾಡು’ ಎಂದು ಕರೆದರು. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಅದರ ಅರ್ಥ. ಇಂದಿನ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಈ ನಾಡಿನ ಮೂರು ಮುಖ್ಯ ಊರುಗಳು. ಸಿಂಧನೂರಿನಿಂದ ವಾಯವ್ಯಕ್ಕೆ ಲಿಂಗಸುಗೂರಿನತ್ತ ಸಾಗುವ ಹೆದ್ದಾರಿಯಲ್ಲಿ, ಎರಡೂ ಊರುಗಳಿಗೆ ಸರಿಸುಮಾರು ನಡುವೆ ಮಸ್ಕಿ ಇದೆ. ದೀರ್ಘಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಊರಿಗೆ ಒತ್ತಿನಿಂತ ಬಂಡೆಗಲ್ಲಿನ ಬೆಟ್ಟವೇ ಅದರ ಕೀರ್ತಿಗೆ ಕಾರಣ.

ವಸಂತ ಕಾಲಿಟ್ಟರೂ ಹಿಮ ಕರಗದ ಬೆಟ್ಟಗಳು ಲೋಕದಲ್ಲಿ ಹಲವುಂಟು. ಕಾಶ್ಮೀರದ ಗುಲ್ಮಾರ್ಗದಂತಹ ಎಡೆಗಳಲ್ಲಿ ಜನರು ಪಾದಗಳಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು, ಗೆಳೆಯರೊಡಗೂಡಿ ಹಿಮದ ಇಳಿಜಾರಿನಲ್ಲಿ ಜಾರುತ್ತ ನಲಿಯುತ್ತಾರೆ. ಎಡೆದೊರೆಯ ಬೆಟ್ಟಗಳಿಗೆ ಹಿಮದ ಸೋಂಕೇ ಇಲ್ಲ. ಇಲ್ಲಿ ವಸಂತವೆಂದರೆ ಬೇವು ಹೂಬಿಡುವ, ಮುತ್ತುಗದ ಮರ ಎಲೆಯುದುರಿಸಿ ಕೆಂಡದಂತಹ ಹೂವನ್ನು ತಳೆಯುವ ಕಾಲ. ಹಿಂಗಾರಿನ ಜೋಳದ ಕೊಯ್ಲು ಮುಗಿದು ಹೊಲಗಳು ಬರಿದಾಗುವ ಕಾಲ. ಯುಗಾದಿಯ ಆಸುಪಾಸಿನ ಈ ದಿನಗಳಲ್ಲಿ ಸಂಗಾತಿಗಳೊಡನೆ ಬೆಟ್ಟವೇರುವ ಸಂತೋಷವೂ ಕಡಿಮೆಯದಲ್ಲ. ಆದರೆ ಹೊತ್ತೇರುವ ಮೊದಲೇ ಹತ್ತಬೇಕು. ಬಿಸಿಲು ಬಲಿತ ಮೇಲೆ ಬಂಡೆಗಳು ಕಾದ ಹಂಚಿನಂತಾಗುತ್ತವೆ.

ಆದ್ದರಿಂದ ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ಮಸ್ಕಿಗೆ ಬರುವ ವಿದ್ಯಾರ್ಥಿಗಳು ನಸುಕಿನಲ್ಲಿಯೇ ಹೊರಡುವುದು ಒಳಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು ಇವುಗಳ ಬುತ್ತಿಯೂ ಸಾಕಷ್ಟು ಕುಡಿಯುವ ನೀರೂ ಜೊತೆಗಿರಬೇಕು. ಬೆಟ್ಟ ಹತ್ತುವಾಗ ಒಂದು ನಿಯಮವನ್ನು ಪಾಲಿಸಬೇಕು. ಕಾಲಿನಲ್ಲಿ ಕಸುವುಳ್ಳವನು ಮುಂದೆ ನಡೆಯಬಹುದು. ಆದರೆ ಹಿಂದುಳಿದವನು ಬಂದು ಸೇರುವವರೆಗೆ ಅವನು ನಿಲ್ಲಬೇಕು. ತಂಡದ ನಡೆ ಅದರ ಅತ್ಯಂತ ನಿಧಾನಿಯ ನಡೆಗೆ ಹೊಂದಿಕೊಳ್ಳಬೇಕು. ಬೆಟ್ಟದ ಮೇಲಣ ಶಾಸನವನ್ನು ಓದಿದ ಮೇಲೆ ಈ ನಿಯಮಕ್ಕೆ ಇನ್ನೊಂದು ಅರ್ಥವೂ ಹೊಳೆಯುತ್ತದೆ.

ಬೆಟ್ಟವನ್ನು ಸಮೀಪಿಸುತ್ತಿದ್ದಂತೆ ಮೊದಲು ಕಣ್ಸೆಳೆಯುವುದು ಬಂಡೆಗಳ ರಾಶಿ. ಒಂದರ ಮೇಲೊಂದನ್ನು ಯಾರೋ ಪೇರಿಸಿಟ್ಟಂತೆ ತೋರುವ ಈ ಬಂಡೆಗಳನ್ನು ಯಾರೂ ಪೇರಿಸಿಲ್ಲ. ಇವು ದಕ್ಷಿಣ ಭಾರತದ ಅತಿ ಪ್ರಾಚೀನ ಶಿಲೆಗಳ ಬಳಗಕ್ಕೆ ಸೇರಿದವು. ಈ ಬಳಗದ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳ ಆಚೀಚೆ. ನೆಲದಾಳದಲ್ಲಿ ಒಂದೇ ಹಾಸಾಗಿದ್ದ ಶಿಲೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೀಳುಗಳಿದ್ದವು. ಆ ಸೀಳುಗಳಲ್ಲಿ ನೀರಿಳಿದು ಅಂಚುಗಳು ಕೊಳೆತು ಸವೆದವು, ಮೂಲೆಗಳು ಉರುಟಾದವು. ಸಡಿಲವಾದ ಮಣ್ಣು ಮಳೆಯಲ್ಲಿ ಕೊಚ್ಚಿಹೋದ ಮೇಲೆ ದುಂಡು ಬಂಡೆಗಳು ಬಯಲಿಗೆ ಬಿದ್ದು ನಿಂತವು. ಹಗಲಿನ ಬಿಸಿಲಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗುವುದರಿಂದಲೂ ಬಂಡೆಯ ಮೇಲ್ಪದರ ಈರುಳ್ಳಿಯ ಸಿಪ್ಪೆಯಂತೆ ಸುಲಿಯುತ್ತದೆ. ಹಿಮದ ನಾಡಿನಲ್ಲಿ ಸೀಳಿನೊಳಗಿನ ನೀರು ಇರುಳು ಹೆಪ್ಪುಗಟ್ಟಿ, ಹಗಲು ಕರಗಿ ಬಂಡೆಯನ್ನು ಒಡೆಯುತ್ತದೆ. ಇಲ್ಲಿ ಆ ಕೆಲಸವನ್ನು ಮಳೆಯೂ ಬಿಸಿಲೂ ಸೇರಿ ಮಾಡುತ್ತವೆ.

ಈ ಬಂಡೆಗಳ ನೆರೆಯಲ್ಲಿಯೇ ಚಿನ್ನವೂ ಇದೆ. ಹಟ್ಟಿಯಿಂದ ಮಸ್ಕಿಯವರೆಗೆ ಚಾಚಿರುವ ಕಪ್ಪುಶಿಲೆಗಳ ಪಟ್ಟಿಯನ್ನು ಭೂವಿಜ್ಞಾನಿಗಳು ‘ಹಟ್ಟಿ-ಮಸ್ಕಿ ಪಟ್ಟಿ’ ಎಂದೇ ಹೆಸರಿಸಿದ್ದಾರೆ. ಅದರೊಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನದ ಕಣಗಳು ಅಡಗಿವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ. ಅಲ್ಲಿನ ಪ್ರಾಚೀನ ಗಣಿಗಾರರು ಯಂತ್ರಗಳ ನೆರವಿಲ್ಲದೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಭೂಮಿಯ ಆಳಕ್ಕೆ ಇಳಿದಿದ್ದರು. ಬಂಡೆಗೆ ಕಟ್ಟಿಗೆಯ ಬೆಂಕಿಯೊಡ್ಡಿ ಕಾಯಿಸಿ, ನೀರೆರಚಿ ಥಟ್ಟನೆ ತಣಿಸಿ, ಬಿರುಕು ಬಿಟ್ಟಾಗ ಒಡೆದು ತೆಗೆಯುವುದು ಅವರ ವಿಧಾನ. ಬಿಸಿಲೂ ತಂಪೂ ಯುಗಯುಗಗಳಲ್ಲಿ ಸಾಧಿಸುವುದನ್ನು ಅವರು ಗಳಿಗೆಗಳಲ್ಲಿ ಸಾಧಿಸುತ್ತಿದ್ದರು.

ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿಯಿದೆ. ಭಕ್ತರು ಮೆಟ್ಟಿಲೇರಿ ದರ್ಶನ ಪಡೆಯುತ್ತಾರೆ. ಮೇಲೆ ನಿಂತು ನೋಡಿದರೆ ಎಡೆದೊರೆಯ ಬಾಳುವೆ ನಕ್ಷೆಯಂತೆ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ಆಗ್ನೇಯದಲ್ಲಿ ಸಿಂಧನೂರಿನ ಸೀಮೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆಯ ಕಾಲುವೆ ಹರಿದು ಬಂದ ಬಳಿಕ ಜೋಳ, ಹತ್ತಿ ಬೆಳೆಯುತ್ತಿದ್ದ ಕರಿನೆಲದ ಬಹುಭಾಗ ಬತ್ತದ ಗದ್ದೆಯಾಯಿತು. ನೀರು ದೊರೆತ ವರ್ಷಗಳಲ್ಲಿ ಬೇಸಿಗೆಯಲ್ಲಿಯೂ ಆ ಕಡೆ ಹಸಿರು ಕಾಣುತ್ತದೆ. ವಾಯವ್ಯದಲ್ಲಿ ಲಿಂಗಸುಗೂರಿನ ಸೀಮೆ. ಅಲ್ಲಿ ಮಳೆಯನ್ನೇ ನಂಬಿದ ಹೊಲಗಳು ಇನ್ನೂ ಬಹಳ. ಪಶ್ಚಿಮಕ್ಕೆ ಕೋಟೆಯ ಊರಾದ ಮುದಗಲ್ಲು; ಉತ್ತರಕ್ಕೆ ಚಿನ್ನದ ಹಟ್ಟಿ. ಒಂದೇ ನಾಡಿನಲ್ಲಿ ನೀರುಂಡ ನೆಲವೂ ಬಾಯಾರಿದ ನೆಲವೂ ಹೀಗೆ ಅಕ್ಕಪಕ್ಕದಲ್ಲಿವೆ.

ಮಸ್ಕಿಯ ನೆಲದಲ್ಲಿ ಮಾನವನ ಬಾಳು ಬಹು ಪುರಾತನ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿ ಪ್ರಾಗೈತಿಹಾಸಿಕ ನೆಲೆಯ ಕುರುಹುಗಳನ್ನು ಗುರುತಿಸಿದನು. 1954ರಲ್ಲಿ ಬಿ. ಕೆ. ಥಾಪರ್ ಅವರ ನೇತೃತ್ವದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಉತ್ಖನನ ನಡೆಸಿತು. ಕಲ್ಲಿನ ಉಪಕರಣಗಳನ್ನು ಬಳಸುತ್ತಿದ್ದ ಜನ, ಅವರ ತರುವಾಯ ಕಬ್ಬಿಣವನ್ನು ಬಲ್ಲ ಬೃಹತ್ ಶಿಲಾಯುಗದ ಜನ, ಆಮೇಲೆ ಇತಿಹಾಸ ಕಾಲದ ಆರಂಭದ ಜನ, ಕೊನೆಗೆ ಮಧ್ಯಯುಗದ ಜನ - ಹೀಗೆ ನಾಲ್ಕು ಕಾಲಗಳ ವಸತಿಯ ಕುರುಹುಗಳು ದೊರೆತವು. ಹಳೆಯ ಶಾಸನಗಳಲ್ಲಿ ಈ ಊರಿನ ಹೆಸರು ‘ಮೊಸಂಗಿ’ ಎಂದಿದೆ. ಚಾಲುಕ್ಯ ಜಯಸಿಂಹನಿಗೂ ಚೋಳ ರಾಜೇಂದ್ರನಿಗೂ ಕಾಳಗ ನಡೆದ ‘ಮುಶಂಗಿ’ ಇದೇ ಎಂದು ಹಲವು ವಿದ್ವಾಂಸರು ತಿಳಿಯುತ್ತಾರೆ.

ಇಷ್ಟೆಲ್ಲ ಇದ್ದರೂ ಮಸ್ಕಿಯ ಹೆಸರು ಲೋಕದ ವಿದ್ವಾಂಸರ ಬಾಯಲ್ಲಿ ನಿಂತದ್ದು ಒಂದು ಬಂಡೆಯ ಬರಹದಿಂದ. ಅದರ ಮಹತ್ವವನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದ ನಾನಾ ಕಡೆಗಳಲ್ಲಿ ಬಂಡೆಗಳ ಮೇಲೂ ಕಂಬಗಳ ಮೇಲೂ ಕೆತ್ತಿದ್ದ ಬ್ರಾಹ್ಮೀ ಲಿಪಿಯ ಬರಹಗಳನ್ನು ಬಹುಕಾಲ ಯಾರೂ ಓದಬಲ್ಲವರಾಗಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟನ್ನು ಬಿಡಿಸಿದನು. ಓದಿದಾಗ ಆ ಧರ್ಮಾಜ್ಞೆಗಳನ್ನು ಹೊರಡಿಸಿದವನು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ರಾಜನೆಂದು ತಿಳಿಯಿತು. ಆದರೆ ಈ ರಾಜನು ಯಾರು? ಸಿಂಹಳದ ಪಾಳಿ ಗ್ರಂಥವೊಂದರ ಆಧಾರದಿಂದ, ಪ್ರಿಯದರ್ಶಿಯೆಂದರೆ ಚಂದ್ರಗುಪ್ತ ಮೌರ್ಯನ ಮೊಮ್ಮಗನಾದ ಅಶೋಕನೇ ಎಂದು ಜಾರ್ಜ್ ಟರ್ನರ್ ಸೂಚಿಸಿದನು. ವಿದ್ವಾಂಸರು ಇದನ್ನು ಒಪ್ಪಿದರು. ಆದರೂ ಆ ಧರ್ಮಾಜ್ಞೆಗಳಲ್ಲಿ ಎಲ್ಲಿಯೂ ‘ಅಶೋಕ’ ಎಂಬ ಹೆಸರು ಕಂಡಿರಲಿಲ್ಲ. ಗ್ರಂಥದ ಮಾತಿಗೆ ಕಲ್ಲಿನ ಸಾಕ್ಷಿ ಬೇಕಾಗಿತ್ತು.

ಆ ಸಾಕ್ಷಿ ದೊರೆತದ್ದು 1915ರ ಜನವರಿಯಲ್ಲಿ. ಅಂದು ಈ ಪ್ರದೇಶ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬೆಟ್ಟದ ಗುಹೆಯಂತಹ ಕಲ್ಲಾಸರೆಯಲ್ಲಿ ಒಂದು ಬಂಡೆಯ ಮೇಲಿದ್ದ ಬರಹವನ್ನು ಕಂಡನು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಶಾಸನವನ್ನು ಓದುವವರು ಸಾಮಾನ್ಯವಾಗಿ ಅದರ ಪಡಿಯಚ್ಚನ್ನು ತೆಗೆಯುತ್ತಾರೆ. ಬಂಡೆಯನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿಗೆ ಇಳಿಸಿ, ಮೇಲೆ ಮಸಿಯನ್ನು ತಟ್ಟಿದರೆ ಅಕ್ಷರಗಳು ಬೆಳ್ಳಗೆ, ಸುತ್ತಲಿನ ಭಾಗ ಕಪ್ಪಗೆ ಮೂಡುತ್ತವೆ. ಹೀಗೆ ಓದಲಾದ ಮಸ್ಕಿಯ ಬರಹದ ಮೊದಲಲ್ಲಿಯೇ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಇದ್ದಿತು. ಪ್ರಿನ್ಸೆಪ್ ಲಿಪಿಯನ್ನು ಓದಿದ 78 ವರ್ಷಗಳ ತರುವಾಯ ಕಲ್ಲು ಮಾತನಾಡಿ ಗ್ರಂಥದ ಮಾತನ್ನು ಸಮರ್ಥಿಸಿತು. ಚಿನ್ನವನ್ನು ಹುಡುಕಹೊರಟವನಿಗೆ ಚಿನ್ನಕ್ಕಿಂತಲೂ ಬೆಲೆಯುಳ್ಳ ನಿಧಿ ದೊರೆಯಿತು.

ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, 1970ರ ದಶಕದ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ಬೆಳಕಿಗೆ ಬಂದವು. ನಿಟ್ಟೂರು, ಉಡೇಗೋಳಗಳು ಸಿಂಧನೂರು ಸೀಮೆಗೆ ತುಂಗಭದ್ರೆಯ ಆಚೆ ದಡದ ನೆರೆಯವು. ಆದರೂ ಮೊದಲು ಹೆಸರು ಹೇಳಿದ ಕೀರ್ತಿ ಮಸ್ಕಿಯದೇ.

ಶಾಸನದ ಭಾಷೆ ಪ್ರಾಕೃತ; ಲಿಪಿ ಬ್ರಾಹ್ಮೀ. ಕಾಲದ ಹೊಡೆತಕ್ಕೆ ಕೆಲವು ಅಕ್ಷರಗಳು ಅಳಿಸಿಹೋಗಿವೆ. ಉಳಿದ ಭಾಗದ ತಾತ್ಪರ್ಯ ಹೀಗಿದೆ: ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳು ಮೀರಿದವೆಂದೂ, ಸಂಘದ ಸಂಪರ್ಕಕ್ಕೆ ಬಂದ ಮೇಲೆ ಶ್ರದ್ಧೆಯಿಂದ ಉದ್ಯಮಿಸಿದೆನೆಂದೂ ಅರಸನು ಹೇಳಿಕೊಳ್ಳುತ್ತಾನೆ. ಅದರ ಫಲವಾಗಿ, ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಜಂಬೂದ್ವೀಪದಲ್ಲಿ ಈಗ ಬೆರೆತಿದ್ದಾರೆ ಎನ್ನುತ್ತಾನೆ. ಇಂತಹ ಫಲವನ್ನು ಮಹಾತ್ಮರಾದವರು ಮಾತ್ರ ಪಡೆಯಬಲ್ಲರೆಂದು ಯಾರೂ ತಿಳಿಯಬಾರದು. ಧರ್ಮದಲ್ಲಿ ನಿರತನಾದ ಸಾಮಾನ್ಯನಿಗೂ ಅದು ಸಾಧ್ಯ. ಈ ಮಾತನ್ನು ಕಿರಿಯರಿಗೂ ಹಿರಿಯರಿಗೂ ತಿಳಿಸಬೇಕು - ಇದು ಅವನ ಆಜ್ಞೆಯ ಸಾರ.

ಇದು ಸಾಮಾನ್ಯವಾದ ಮಾತಲ್ಲ. ಅರಸರು ತಮ್ಮ ವಿಜಯಗಳನ್ನೂ ದಾನಗಳನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದುಂಟು. ಭಾರತದ ಬಹುಭಾಗವನ್ನು ಆಳಿದ ಚಕ್ರವರ್ತಿಯೊಬ್ಬನು ತನ್ನ ಸಾಧನೆ ತನಗೊಬ್ಬನಿಗೇ ಮೀಸಲಲ್ಲ, ಹೊಲದಲ್ಲಿ ದುಡಿಯುವವನಿಗೂ ಗಣಿಯಲ್ಲಿ ಇಳಿಯುವವನಿಗೂ ಅದು ದೊರಕಬಲ್ಲದು ಎಂಬ ಭಾವವನ್ನು ಕೆತ್ತಿಸಿದನೆಂಬುದು ವಿಶೇಷ. ಬೆಟ್ಟದ ದಾರಿಯಲ್ಲಿ ಮುಂದಿರುವವನು ಹಿಂದಿರುವವನಿಗಾಗಿ ನಿಲ್ಲುವುದರ ಅರ್ಥವೂ ಇದೇ. ತುದಿಯನ್ನು ಮುಟ್ಟುವ ಹಕ್ಕು ಕಾಲು ಗಟ್ಟಿಯಿದ್ದವನದು ಮಾತ್ರವಲ್ಲ.

ಸುಮಾರು 2,200 ವರ್ಷಗಳಿಗೂ ಹೆಚ್ಚು ಕಾಲ ಮಳೆಗಾಳಿಗಳನ್ನು ತಡೆದು ಉಳಿದ ಈ ಬರಹಕ್ಕೆ ಮನುಷ್ಯನಿಂದಲೇ ಅಪಾಯವುಂಟು. ಚರಿತ್ರೆಯ ತಾಣಗಳಿಗೆ ಬರುವವರಲ್ಲಿ ಕೆಲವರು ಬಂಡೆಗಳ ಮೇಲೆ ತಮ್ಮ ಹೆಸರುಗಳನ್ನು ಗೀಚುತ್ತಾರೆ. ಇನ್ನು ಕೆಲವರು ಬಣ್ಣ ಬಳಿಯುತ್ತಾರೆ. ಬಿಸಿಲಿಗೆ ಬಂಡೆಯ ಪದರ ಸುಲಿಯಲು ಶತಮಾನಗಳು ಬೇಕು. ಒಂದು ಮೊಳೆಯ ಗೀಚು ಒಂದು ಅಕ್ಷರವನ್ನು ಕ್ಷಣದಲ್ಲಿ ಅಳಿಸಬಲ್ಲದು. ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು 1958ರ ಕಾಯಿದೆಯಂತೆ ದಂಡನಾರ್ಹ ಅಪರಾಧ. ಆದರೆ ಪ್ರತಿಯೊಂದು ಬಂಡೆಯ ಬಳಿ ಕಾವಲುಗಾರನನ್ನು ನಿಲ್ಲಿಸುವುದು ಸಾಧ್ಯವಿಲ್ಲ. ಅಳಿದ ಅಕ್ಷರವನ್ನು ಮತ್ತೆ ಕೆತ್ತಿದರೆ ಅದು ಅಶೋಕನ ಕಾಲದ ಅಕ್ಷರವಾಗದು. ಅದನ್ನು ಮುಟ್ಟದೆ ನೋಡುವುದು, ಮುಟ್ಟಹೊರಟ ಸಂಗಾತಿಯನ್ನು ವಿನಯದಿಂದ ತಡೆಯುವುದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರುವ ಕೆಲಸ.

ಹೊತ್ತು ನೆತ್ತಿಗೇರುವ ಮುನ್ನ ಇಳಿಯತೊಡಗಬೇಕು. ಇಳಿಯುವಾಗ ಎಚ್ಚರ ಇಮ್ಮಡಿಯಾಗಿರಬೇಕು. ಹತ್ತುವಾಗ ಉಸಿರು ಸೋತರೆ, ಇಳಿಯುವಾಗ ಕಾಲು ಜಾರುತ್ತದೆ. ಬೇವಿನ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ ಒಬ್ಬರ ರೊಟ್ಟಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಹಿರಿಯರಿಗೂ ಕಿರಿಯರಿಗೂ ಸಮನಾಗಿ ಸಲ್ಲುವ ಧರ್ಮವನ್ನು ಬೆಟ್ಟದ ಮೇಲೆ ಕಲ್ಲು ಸಾರುತ್ತದೆ. ಬೆಟ್ಟದ ಬುಡದಲ್ಲಿ ಹಂಚಿ ಉಣ್ಣುವವರು ಅದನ್ನು ಆಚರಣೆಗೆ ತರುತ್ತಾರೆ.

ಅಭ್ಯಾಸ

1. ‘ಎಡೆದೊರೆನಾಡು’ ಎಂಬ ಹೆಸರು ಹೇಗೆ ಬಂದಿತು?
2. ಬೆಟ್ಟದ ಬಂಡೆಗಳು ದುಂಡಾಗಲು ಕಾರಣವೇನು? ಪ್ರಾಚೀನ ಗಣಿಗಾರರ ವಿಧಾನಕ್ಕೂ ಅದಕ್ಕೂ ಇರುವ ಹೋಲಿಕೆಯನ್ನು ತಿಳಿಸಿರಿ.
3. ಮಸ್ಕಿಯ ಶಾಸನವು ದೊರೆಯುವ ಮೊದಲು ವಿದ್ವಾಂಸರಿಗೆ ಇದ್ದ ಕೊರತೆ ಯಾವುದು?
4. ‘ಚಿನ್ನಕ್ಕಿಂತಲೂ ಬೆಲೆಯುಳ್ಳ ನಿಧಿ’ - ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
5. ನಿಮ್ಮ ಊರಿನ ಸಮೀಪದ ಶಾಸನ, ವೀರಗಲ್ಲು ಅಥವಾ ಹಳೆಯ ಗುಡಿಯನ್ನು ಸಂಗಾತಿಗಳೊಡನೆ ನೋಡಿ ಬಂದು, ಅದರ ರಕ್ಷಣೆಗೆ ನೀವು ಮಾಡಬಹುದಾದ ಕೆಲಸವನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ.